ನಮ್ಮ ಬಿಸಿಲಿಗೆ ಯಾವ ಆರ್ಕಿಡ್? ಮೊದಲ ಸಲ ಬೆಳೆಸುವವರಿಗೆ ತಪ್ಪು ಕ್ಷಮಿಸುವ ನಾಲ್ಕು ಗಿಡ

"ಅಕ್ಕಾರ, ಆರ್ಕಿಡ್ ನಮ್ಮ ಕಡೆ ಬದುಕತೈತೇನ್ರಿ?" ಬನಶಂಕರಿ ಜಾತ್ರೆ ಮುಗಿದ ಮೇಲೆ ನನ್ನ ಫೋನಿಗೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಜೊತೆಗೆ ಒಂದು ಫೋಟೊ. ಹೂವೆಲ್ಲ ಉದುರಿ, ಎಲೆ ಸುಕ್ಕುಗಟ್ಟಿ ಕೂತ ಗಿಡ. ಕೆಳಗೆ ಎರಡನೇ ಪ್ರಶ್ನೆ: "ಏನು ಹಾಕಬೇಕ್ರಿ?"

ಮೊದಲ ಪ್ರಶ್ನೆಗೆ ಉತ್ತರ: ಬದುಕತೈತಿ. ಎರಡನೆಯದಕ್ಕೆ ಉತ್ತರ: ಏನೂ ಹಾಕಬ್ಯಾಡ್ರಿ. ಹೆಚ್ಚಿನ ಸಲ ಗಿಡ ಸೊರಗುವುದು ಗೊಬ್ಬರ ಕಡಿಮೆಯಾಗಿ ಅಲ್ಲ. ಆ ಜಾತಿ ನಮ್ಮ ಹವಾಕ್ಕೆ ಹೊಂದುವುದಲ್ಲ, ಇಲ್ಲವೇ ನಾವು ಹಾಕುವ ನೀರು ಅದಕ್ಕೆ ಹೊಂದುವುದಲ್ಲ. ಆರ್ಕಿಡ್‌ನಲ್ಲಿ ಅರ್ಧ ಕೆಲಸ ಗಿಡ ಆರಿಸುವಾಗಲೇ ಮುಗಿದಿರುತ್ತದೆ. ಹೂವಿನ ಬಣ್ಣ ನೋಡಿ ಆರಿಸಿದರೆ ಕೈ ಸುಡುತ್ತದೆ. ನಮ್ಮ ಬಿಸಿಲು, ನಮ್ಮ ನೀರು, ನಮ್ಮ ಅಭ್ಯಾಸ ನೋಡಿ ಆರಿಸಿದರೆ ಗಿಡ ನಿಲ್ಲುತ್ತದೆ. ಈ ವಾರ ಅದೇ ಮಾತು.

ಮೊದಲು ನಮ್ಮ ಹವಾ ಅರ್ಥ ಮಾಡಿಕೊಳ್ಳಿ

ನಾನಿರುವುದು ಬಾದಾಮಿ ಹತ್ತಿರದ ಚೊಳಚಗುಡ್ಡದಲ್ಲಿ. ಸುತ್ತ ಕೆಂಪು ಕಲ್ಲಿನ ಗುಡ್ಡ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ 38ರಿಂದ 40 ಡಿಗ್ರಿ. ಗಾಳಿಯಲ್ಲಿ ಪಸೆ ಇರುವುದಿಲ್ಲ. ಹಗಲೆಲ್ಲ ಕಾದ ಕಲ್ಲು ರಾತ್ರಿ ಹತ್ತಾದರೂ ಬಿಸಿ ಬಿಡುತ್ತಲೇ ಇರುತ್ತದೆ. ಜೂನ್, ಜುಲೈನಲ್ಲಿ ಮೋಡ ಇದ್ದರೂ ಮಳೆಗಿಂತ ಗಾಳಿಯೇ ಜಾಸ್ತಿ. ಒಳ್ಳೆಯ ಮಳೆ ಸೆಪ್ಟೆಂಬರ್ ಹೊತ್ತಿಗೆ.

ಇಷ್ಟು ಕೇಳಿ "ಹಂಗಾದ್ರ ಇದು ಮಲೆನಾಡಿನವರ ಗಿಡ, ನಮಗಲ್ಲ" ಅನ್ನಬೇಡಿ. ಬನಶಂಕರಿ ಗುಡಿಯ ಸುತ್ತ ತೆಂಗು, ಬಾಳೆ, ಎಲಿಬಳ್ಳಿ ತೋಟ ಎಷ್ಟೋ ಕಾಲದಿಂದ ಇವೆ. ಎಲಿತೋಟದ ಒಳಗೆ ಕಾಲಿಟ್ಟು ನೋಡಿ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ತಂಪು. ಚೊಗಚಿ, ನುಗ್ಗೆ ಗಿಡಗಳು ಬಿಸಿಲನ್ನು ಜರಡಿ ಹಿಡಿದಂತೆ ಸೋಸಿ ಬಿಡುತ್ತವೆ. ಗಾಳಿ ಆಡುತ್ತದೆ, ಆದರೆ ಬೀಸುವುದಿಲ್ಲ. ಆರ್ಕಿಡ್‌ಗೂ ಬೇಕಾದ್ದು ಇದೇ: ಸೋಸಿದ ಬೆಳಕು, ಸುತ್ತ ತಂಪು ಗಾಳಿ. ಒಂದೇ ವ್ಯತ್ಯಾಸ, ಎಲಿಬಳ್ಳಿಗೆ ಬುಡ ಒದ್ದೆ ಇರಬೇಕು, ಮರದ ಮೇಲೆ ಬೆಳೆಯುವ ಆರ್ಕಿಡ್‌ಗೆ ಬುಡ ಒಣಗಬೇಕು. ಮನೆಯ ಪೂರ್ವ ದಿಕ್ಕಿನ ಕಟ್ಟೆ, ಬೇವಿನ ಗಿಡದ ನೆರಳು, ದನದ ಕೊಟ್ಟಿಗೆಯ ಅಂಚು, ಇವೆಲ್ಲ ಸಣ್ಣ ಪ್ರಮಾಣದ ಎಲಿತೋಟವೇ. ತಗಡಿನ ಕೆಳಗೆ ಮತ್ತು ಆರ್‌ಸಿಸಿ ಮಾಳಿಗೆಯ ಮೇಲೆ ಮಾತ್ರ ಇಡಬ್ಯಾಡ್ರಿ.

ಬೇರು ನೋಡಲು ಕಲಿಯಿರಿ

ಬಹಳಷ್ಟು ಆರ್ಕಿಡ್ ಮರದ ತೊಗಟೆಗೆ ಅಂಟಿಕೊಂಡು ಬೆಳೆಯುತ್ತವೆ. ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ, ನಿಲ್ಲಲು ಜಾಗ ಮಾತ್ರ ಪಡೆಯುತ್ತವೆ. ಅವುಗಳ ಬೇರಿನ ಮೇಲೆ ಸ್ಪಂಜಿನಂಥ ಬಿಳಿ ಪದರ ಇರುತ್ತದೆ. ಮಳೆ ಬಿದ್ದ ಕೂಡಲೇ ಅದು ನೀರು ಹೀರಿಕೊಳ್ಳುತ್ತದೆ, ಆಮೇಲೆ ಗಾಳಿಗೆ ಒಣಗುತ್ತದೆ.

ಇದರಲ್ಲೇ ನಿಮಗೆ ಬೇಕಾದ ಗುರುತು ಸಿಗುತ್ತದೆ. ಬೇರು ಹಸಿರು ಬಣ್ಣಕ್ಕೆ ತಿರುಗಿದ್ದರೆ ನೀರು ಕುಡಿದಿದೆ. ಬೆಳ್ಳಿಯ ಹಾಗೆ ಬೆಳ್ಳಗಾಗಿದ್ದರೆ ನೀರು ಹಾಕುವ ಹೊತ್ತು. ಕಂದು ಬಣ್ಣಕ್ಕೆ ತಿರುಗಿ, ಒತ್ತಿದರೆ ಪಿಚಕ್ ಅಂದರೆ ಕೊಳೆತಿದೆ. ಎಲೆ ಸುಕ್ಕಾಗಿದೆ ಅಂತ ಮತ್ತೆ ಮತ್ತೆ ನೀರು ಸುರಿಯುವ ಮೊದಲು ಬೇರು ನೋಡಿ. ಬೇರು ಕೊಳೆತ ಗಿಡವೂ ನೀರು ಸಿಗದೆ ಸುಕ್ಕಾಗುತ್ತದೆ.

ಇದೇ ಕಾರಣಕ್ಕೆ ಎರಿ ಮಣ್ಣು ಆರ್ಕಿಡ್‌ಗೆ ವಿಷ. ನಮ್ಮ ಜೋಳಕ್ಕೆ, ಕಡಲೆಗೆ ಅದು ಚಿನ್ನ, ಯಾಕೆಂದರೆ ಪಸೆ ಹಿಡಿದಿಡುತ್ತದೆ. ಆದರೆ ಮರದ ಮೇಲಿನ ಆರ್ಕಿಡ್‌ನ ಬೇರು ಅದರೊಳಗೆ ಉಸಿರುಗಟ್ಟಿ ಸಾಯುತ್ತದೆ.

ಮೊದಲ ವರ್ಷಕ್ಕೆ ನಾಲ್ಕು ಗಿಡ

ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆ 2019ರಲ್ಲಿ ಹೊರತಂದ ಪಟ್ಟಿಯಲ್ಲಿ ನಮ್ಮ ದೇಶದ 1,256 ಜಾತಿ ಆರ್ಕಿಡ್ ಇವೆ. ಅಂಗಡಿಯಲ್ಲಿ ಸಿಗುವ ಮಿಶ್ರತಳಿಗಳು ಇದರ ಮೇಲೆ. ಅಷ್ಟರಲ್ಲಿ ಹೊಸಬರ ತಪ್ಪು ತಡೆದುಕೊಳ್ಳುವ ನಾಲ್ಕನ್ನು ಇಲ್ಲಿ ಹೇಳುತ್ತೇನೆ. ಪ್ರತಿ ಗಿಡವೂ ಒಂದು ತಪ್ಪು ಕ್ಷಮಿಸುತ್ತದೆ, ಇನ್ನೊಂದನ್ನು ಕ್ಷಮಿಸುವುದಿಲ್ಲ. ನೀವು ಯಾವ ತಪ್ಪು ಮಾಡುವವರು ಅಂತ ನಿಮಗೇ ಗೊತ್ತು. ಅದರ ಪ್ರಕಾರ ಆರಿಸಿಕೊಳ್ಳಿ.

1. ಡೆಂಡ್ರೋಬಿಯಂ ಮಿಶ್ರತಳಿ. ಮದುವೆ ಮಂಟಪದಲ್ಲಿ ನೀವು ನೋಡುವ ನೇರಳೆ–ಬಿಳಿ ಹೂ ಇದೇ. 'ಸೋನಿಯಾ' ಹೆಸರಿನ ತಳಿ ಎಲ್ಲ ಕಡೆ ಸಿಗುತ್ತದೆ. ಇದರ ಕಾಂಡ ಸಣ್ಣ ಕಬ್ಬಿನ ಗಣಿಕೆಯ ಹಾಗೆ ದಪ್ಪಗಿದ್ದು, ಒಳಗೆ ನೀರು, ಆಹಾರ ಕೂಡಿಟ್ಟುಕೊಂಡಿರುತ್ತದೆ. ಒಂದು ಗೊಂಚಲು ಗಿಡದ ಮೇಲೆ ತಿಂಗಳಿಗೂ ಹೆಚ್ಚು ನಿಲ್ಲುತ್ತದೆ.
ಕ್ಷಮಿಸುವುದು: ಊರಿಗೆ ಹೋಗಿ ಎರಡು ಮೂರು ದಿನ ನೀರು ಮರೆತರೆ.
ಕ್ಷಮಿಸದ್ದು: ಬುಡದಲ್ಲಿ ನೀರು ನಿಂತರೆ. ದೊಡ್ಡ ಕುಂಡದಲ್ಲಿ ನೆಟ್ಟರೆ.
ಎಲೆ ಉದುರಿದ ಹಳೇ ಕಾಂಡ ಒಣಗಿದೆ ಅಂದುಕೊಂಡು ಕತ್ತರಿಸಬ್ಯಾಡ್ರಿ. ಅದು ಗಿಡದ ಕಣಜ. ಕೆಲವೊಮ್ಮೆ ಅದರಲ್ಲೇ ಮತ್ತೆ ಹೂ ಬರುತ್ತದೆ, ಇಲ್ಲವೇ ಗಿಣ್ಣಿನಲ್ಲಿ ಮರಿ ಹುಟ್ಟುತ್ತದೆ. ಮರಿಗೆ ಬೆರಳುದ್ದ ಬೇರು ಬಂದ ಮೇಲೆ ಬಿಡಿಸಿ ನೆಟ್ಟರೆ ಇನ್ನೊಂದು ಗಿಡ, ಪುಕ್ಕಟೆ.

2. ಸ್ಪಾಥೊಗ್ಲಾಟಿಸ್, ಅಂದರೆ ನೆಲದ ಆರ್ಕಿಡ್. ಮಣ್ಣು ಬಿಟ್ಟು ಬೇರೇನೂ ಗೊತ್ತಿಲ್ಲ ಅನ್ನುವವರಿಗೆ ಇದು. ಎಲೆ ನೋಡಿದರೆ ತೆಂಗಿನ ಸಸಿಯ ಎಲೆಯ ಹಾಗೆ ನೆರಿಗೆ ನೆರಿಗೆ. ಕೆಂಪು ಮಣ್ಣು, ಎರೆಗೊಬ್ಬರ, ತೆಂಗಿನ ಸಿಪ್ಪೆಯ ಚೂರು ಸಮ ಸಮ ಬೆರೆಸಿ ನೆಡಿ. ಒಂದೇ ದಂಟಿನಲ್ಲಿ ಒಂದಾದ ಮೇಲೊಂದು ಮೊಗ್ಗು ಅರಳುತ್ತಾ ಹೋಗುತ್ತದೆ.
ಕ್ಷಮಿಸುವುದು: ಮಾಮೂಲಿ ಹೂವಿನ ಗಿಡದ ಹಾಗೆ ನೋಡಿಕೊಂಡರೆ.
ಕ್ಷಮಿಸದ್ದು: ಬೇಸಿಗೆಯಲ್ಲಿ ಬುಡ ಪೂರ್ತಿ ಒಣಗಿದರೆ.

3. ವಾಂಡಾ ಟೆಸಲೇಟಾ. ಇದು ನಮ್ಮ ದೇಶದ್ದೇ, ಒಣ ಕಾಡಿನ ಮರಗಳ ಮೇಲೆ ಬೆಳೆಯುವ ಗಿಡ. ಚರ್ಮದಂಥ ದಪ್ಪ ಎಲೆ. ಕಂದು ಗೀಟಿನ ಹೂ, ನಡುವೆ ನೀಲಿ ತುಟಿ, ಒಳ್ಳೆ ವಾಸನೆ. ಕೆಲವು ಕಡೆ ಇದರ ಬೇರನ್ನು ರಾಸ್ನಾ ಹೆಸರಲ್ಲಿ ಔಷಧಿಗೂ ಬಳಸುತ್ತಾರೆ. ಅಂಗಡಿಯ ದೊಡ್ಡ ಹೂವಿನ ವಾಂಡಾಗಳನ್ನು ಬರಿಬೇರಿನಲ್ಲಿ ನೇತು ಹಾಕಿರುತ್ತಾರೆ. ನಮ್ಮ ಒಣ ಗಾಳಿಗೆ ಆ ಪದ್ಧತಿ ಆಗುವುದಿಲ್ಲ. ಬುಟ್ಟಿಯಲ್ಲಿ ದಪ್ಪ ಇದ್ದಲಿ ಚೂರು ಹಾಕಿ ಕೂಡಿಸಿ.
ಕ್ಷಮಿಸುವುದು: ಬಿಸಿಲು, ಸೆಕೆ.
ಕ್ಷಮಿಸದ್ದು: ಕತ್ತಲೆ ಮೂಲೆ. ನೆರಳು ಜಾಸ್ತಿಯಾದರೆ ಎಲೆ ಬಿಡುತ್ತದೆ, ಹೂ ಬಿಡುವುದಿಲ್ಲ.

4. ಸೀತಾಳೆ ದಂಡೆ, ಶಾಸ್ತ್ರೀಯ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸಾ. ನಮ್ಮ ಕಡೆ ಮುಡಿಗೆ ಕಟ್ಟುವ ಹೂವಿನ ಮಾಲೆಗೆ ದಂಡಿ ಅನ್ನುತ್ತೇವಲ್ಲ, ಇದರ ಗೊಂಚಲು ಥೇಟ್ ಅದೇ. ಬಿಳಿ–ಗುಲಾಬಿ ಚುಕ್ಕೆಯ ಹೂಗಳು ನರಿಬಾಲದ ಹಾಗೆ ಒತ್ತಾಗಿ ಜೋತು ಬೀಳುತ್ತವೆ. ಮಲೆನಾಡಿನಲ್ಲಿ ಮುಂಗಾರಿನ ಹೊಸ್ತಿಲಲ್ಲಿ ಅರಳುತ್ತದೆ. ಅಸ್ಸಾಂ ಮತ್ತು ಅರುಣಾಚಲ ಪ್ರದೇಶ ಎರಡಕ್ಕೂ ಇದೇ ರಾಜ್ಯಪುಷ್ಪ. ಬಿಹು ಕುಣಿತದಲ್ಲಿ ಹೆಣ್ಣುಮಕ್ಕಳು ಮುಡಿಯುವುದು ಇದನ್ನೇ.
ಕ್ಷಮಿಸುವುದು: ಚಳಿಗಾಲದಲ್ಲಿ ನೀರು ಕಡಿಮೆಯಾದರೆ.
ಕ್ಷಮಿಸದ್ದು: ಬೇರು ಕೆದಕಿದರೆ. ಒಮ್ಮೆ ಮಾವಿನ ಕೊರಡಿಗೋ ಬುಟ್ಟಿಗೋ ಕಟ್ಟಿದ ಮೇಲೆ ವರ್ಷಗಟ್ಟಲೆ ಮುಟ್ಟಬಾರದು.

ಒಂದೇ ಗಿಡ ತರುವುದಾದರೆ ಡೆಂಡ್ರೋಬಿಯಂ ತನ್ನಿ. ಎರಡು ತರುವುದಾದರೆ ಜೊತೆಗೆ ನೆಲದ ಆರ್ಕಿಡ್.

ಮೊದಲ ವರ್ಷ ಬೇಡವಾದವು

ಫೆಲನಾಪ್ಸಿಸ್. ಚಿಟ್ಟೆಯಂಥ ಅಗಲ ಹೂ, ಅಂಗಡಿಯಲ್ಲಿ ಕಣ್ಣಿಗೆ ಮೊದಲು ಬೀಳುವುದು ಇದೇ. ವಿದೇಶಿ ವಿಡಿಯೊಗಳಲ್ಲಿ "ಹೊಸಬರಿಗೆ ಅತಿ ಸುಲಭ" ಅಂತ ಹೇಳುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಅವರ ಮನೆಯೊಳಗೆ ವರ್ಷವಿಡೀ 20–25 ಡಿಗ್ರಿ ಇರುತ್ತದೆ. ನಮ್ಮ ಪಡಸಾಲೆಯಲ್ಲಿ ಮೇ ತಿಂಗಳು ಹಾಗಿರುವುದಿಲ್ಲ. ಇದಕ್ಕೆ ನೀರು ಕೂಡಿಡುವ ಕಾಂಡವೂ ಇಲ್ಲ, ಸುಳಿಯಲ್ಲಿ ನೀರು ನಿಂತರೆ ಕೊಳೆಯುತ್ತದೆ. ಎರಡನೇ ವರ್ಷ, ಕೈ ಕುದುರಿದ ಮೇಲೆ ತನ್ನಿ.

ಸಿಂಬಿಡಿಯಂ. ಅಂಗಡಿಯಲ್ಲಿ ಸಿಗುವ ದೊಡ್ಡ ಹೂವಿನ ತಳಿಗಳು ತಂಪು ನಾಡಿನವು, ಸಿಕ್ಕಿಂ, ಕಾಲಿಂಪಾಂಗ್ ಕಡೆ ಚೆನ್ನಾಗಿ ಬರುತ್ತವೆ. ರಾಷ್ಟ್ರೀಯ ಆರ್ಕಿಡ್ ಸಂಶೋಧನಾ ಕೇಂದ್ರ 1996ರಲ್ಲಿ ಶುರುವಾದದ್ದೂ ಸಿಕ್ಕಿಂನ ಪಾಕ್ಯೋಂಗ್‌ನಲ್ಲೇ. ಹೂ ಬಿಡಲು ರಾತ್ರಿ ತಣ್ಣಗಿರಬೇಕು. ನಮ್ಮ ಕಡೆ ಎಲೆ ಮಾತ್ರ ನೋಡಬೇಕಾಗುತ್ತದೆ.

ಬೋರ್ ನೀರು: ನಿಧಾನ ವಿಷ

ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಪೊರೆ ಆರ್ಕಿಡ್ ಬೇರಿನ ಮೇಲೂ ಕಟ್ಟುತ್ತದೆ. ಒಂದೆರಡು ತಿಂಗಳು ಏನೂ ಗೊತ್ತಾಗುವುದಿಲ್ಲ. ಆಮೇಲೆ ಬೇರಿನ ತುದಿ ಕಪ್ಪಾಗುತ್ತದೆ, ಎಲೆ ತುದಿ ಸುಡುತ್ತದೆ.

ಒಂದು ಟಿಡಿಎಸ್ ಮೀಟರ್ ತಗೊಳ್ರಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಹನಿ ನೀರಾವರಿ ಇರುವವರಿಗೆ ಹೊಲಕ್ಕೂ ಉಪಯೋಗ. 200ರ ಒಳಗಿದ್ದರೆ ಆರ್ಕಿಡ್‌ಗೆ ಒಳ್ಳೆಯದು. 500 ದಾಟಿದ ನೀರು ಬೇಡವೇ ಬೇಡ. ಹಾಗಾದರೆ ಏನು ಮಾಡುವುದು?

ಮಳೆ ನೀರು ಹಿಡಿಯಿರಿ. ಮೊದಲ ಮಳೆ ಬಿಟ್ಟು, ಆಮೇಲಿನದನ್ನು ಮುಚ್ಚಳ ಇರುವ ಡ್ರಮ್ಮಿನಲ್ಲಿ ತುಂಬಿ. ಅದು ಮುಗಿದ ಮೇಲೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರು. ನಾಲ್ಕು ಕುಂಡಕ್ಕೆ ದಿನಕ್ಕೆ ಒಂದೆರಡು ಲೀಟರ್ ಸಾಕು. ಘಟಕದಿಂದ ಹೊರಗೆ ಬಿಡುವ ವ್ಯರ್ಥ ನೀರು ಮಾತ್ರ ಹಾಕಬ್ಯಾಡ್ರಿ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ.

ಕುಂಡ ತುಂಬುವುದು

ಬೇಕಾದ್ದೆಲ್ಲ ಊರಲ್ಲೇ ಸಿಗುತ್ತದೆ. ಇದ್ದಲಿ, ಹಳೇ ಹೆಂಚಿನ ಚೂರು, ತೆಂಗಿನ ಸಿಪ್ಪೆ. ಕಾಯಿ ಒಡೆಯುವ ಗುಡಿ ಇರುವ ಊರಲ್ಲಿ ಸಿಪ್ಪೆಗೆ ಬರವೇ? ಸಿಪ್ಪೆಯನ್ನು ಹೆಬ್ಬೆರಳ ಗಾತ್ರಕ್ಕೆ ಕತ್ತರಿಸಿ ನಾಲ್ಕೈದು ದಿನ ನೀರಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ. ಕಂದು ರಸ ಮತ್ತು ಉಪ್ಪು ಬಿಟ್ಟುಹೋಗಬೇಕು.

ಡೆಂಡ್ರೋಬಿಯಂಗೆ ಗೇಣುದ್ದಕ್ಕಿಂತ ಸಣ್ಣ ಮಣ್ಣಿನ ಕುಂಡ ಸಾಕು, ತಳದಲ್ಲಿ ಮತ್ತು ಪಕ್ಕದಲ್ಲಿ ತೂತು ಇರಲಿ. ಕೆಳಗೆ ಹೆಂಚಿನ ಚೂರು, ಮೇಲೆ ಇದ್ದಲಿ ಮತ್ತು ಸಿಪ್ಪೆ. ಗಿಡ ಅಲ್ಲಾಡದ ಹಾಗೆ ಒಂದು ಕೋಲಿಗೆ ಕಟ್ಟಿ. ಗಿಡ ಅಲ್ಲಾಡಿದರೆ ಹೊಸ ಬೇರಿನ ತುದಿ ಉಜ್ಜಿ ಮುರಿಯುತ್ತದೆ.

ಜೀವಾಮೃತ ಹಾಕಬಹುದಾ ಅಂತ ಸಾವಯವ ಗೆಳೆಯರು ಕೇಳುತ್ತಾರೆ. ಹೊಲಕ್ಕೆ ಹಾಕಿ, ಇದಕ್ಕೆ ಬೇಡ. ಬೆಲ್ಲ, ಹಿಟ್ಟಿನ ಅಂಶ ಸಿಪ್ಪೆಯ ಸಂದಿಯಲ್ಲಿ ಕೂತು ಇರುವೆ, ಬೂಷ್ಟು ಕರೆಯುತ್ತದೆ. ನಾನು ಎರೆಜಲ ಬಳಸುತ್ತೇನೆ: ಬಟ್ಟೆಯಲ್ಲಿ ಸೋಸಿ, 1 ಪಾಲಿಗೆ 20 ಪಾಲು ನೀರು, ವಾರಕ್ಕೊಮ್ಮೆ. ರಾಸಾಯನಿಕ ಬಳಸುವವರು ಲೀಟರಿಗೆ ಅರ್ಧ ಗ್ರಾಂ 19:19:19 ಹಾಕಬಹುದು. ಯಾವುದಾದರೂ ಸರಿ, ತೆಳ್ಳಗಿರಲಿ. ತಿಂಗಳಿಗೊಮ್ಮೆ ಬರೀ ಸಿಹಿನೀರು ಸುರಿದು ಕುಂಡ ತೊಳೆಯಿರಿ.

ಬಿಳಿ ಹಿಟ್ಟು ತಿಗಣೆ ಕಂಡರೆ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಮಳೆಗಾಲದಲ್ಲಿ ರಾತ್ರಿ ಟಾರ್ಚ್ ಹಿಡಿದು ನೋಡಿ, ಬಸವನಹುಳು ಮೊಗ್ಗನ್ನೇ ತಿನ್ನುತ್ತದೆ.

ತಿಂಗಳ ಲೆಕ್ಕ

ಮಾರ್ಚ್–ಮೇ: ಶೇ. 50 ನೆರಳಿನ ಪರದೆ, ಮಧ್ಯಾಹ್ನದ ಬಿಸಿಲು ನೇರ ಬೀಳುವ ಜಾಗವಾದರೆ ಶೇ. 75. ಬೆಳಿಗ್ಗೆ ನೀರು, ಇಳಿಹೊತ್ತಿಗೆ ಸುತ್ತಲಿನ ನೆಲಕ್ಕೆ ನೀರು ಚಿಮುಕಿಸಿ. ಕುಂಡದ ಕೆಳಗೆ ಒದ್ದೆ ಮರಳಿನ ತಟ್ಟೆ, ಪಕ್ಕದಲ್ಲಿ ಒದ್ದೆ ಗೋಣಿಚೀಲ. ಕುಂಡದ ತಳ ಮಾತ್ರ ನೀರಿಗೆ ತಾಗಬಾರದು.
ಜೂನ್–ಆಗಸ್ಟ್: ಗಾಳಿಗೆ ಮರೆ ಮಾಡಿ. ಹೊಸ ಗಿಡ ತರಲು, ಕುಂಡ ಬದಲಿಸಲು ಇದೇ ಒಳ್ಳೆಯ ಕಾಲ. ಹೊಸ ಬೇರು ಹೊರಡುತ್ತದೆ.
ಸೆಪ್ಟೆಂಬರ್–ಅಕ್ಟೋಬರ್: ಜೋರು ಮಳೆ ಬಿದ್ದರೆ ಒಳಗಿಡಿ. ಸುಳಿಯಲ್ಲಿ ನಿಂತ ನೀರು ಸಂಜೆಯೊಳಗೆ ಒಣಗಬೇಕು.
ನವೆಂಬರ್–ಫೆಬ್ರವರಿ: ನೀರು ಕಡಿಮೆ ಮಾಡಿ, ಎರಡು ದಿನಕ್ಕೊಮ್ಮೆ ಸಾಕು. ನೆಲದ ಆರ್ಕಿಡ್ ಮಾತ್ರ ಒಣಗಬಾರದು.

ಜಾತ್ರೆಯಲ್ಲಿ ತಂದ ಗಿಡ ಸೊರಗುವುದು ಯಾಕೆ ಅಂತ ಈಗ ತಿಳಿಯಿತಲ್ಲ? ಜನವರಿಯಲ್ಲಿ ಹೂ ಬಿಟ್ಟು ದಣಿದ ಗಿಡ ಮನೆಗೆ ಬರುತ್ತದೆ. ಬೇರೂರುವ ಮೊದಲೇ ಮಾರ್ಚ್ ಬಿಸಿಲು ಬಂದುಬಿಡುತ್ತದೆ.

ಫೋನಿನಲ್ಲಿ ಕೊಳ್ಳುವಾಗ

"ಆರ್ಕಿಡ್ ಬೀಜ, 100 ಕಾಳು, 99 ರೂಪಾಯಿ" ಅಂತ ಜಾಹೀರಾತು ಬಂದರೆ ಮುಂದೆ ಸರಿಸಿ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಅದರೊಳಗೆ ಮೊಳಕೆಗೆ ಬೇಕಾದ ಆಹಾರವೇ ಇರುವುದಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಸಹಾಯ ಮಾಡಿದರೆ ಮಾತ್ರ ಮೊಳೆಯುತ್ತದೆ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಎಂಬ ವಿಜ್ಞಾನಿ ಸಕ್ಕರೆ ಬೆರೆಸಿದ ಮಾಧ್ಯಮದಲ್ಲಿ, ಶಿಲೀಂಧ್ರ ಇಲ್ಲದೆ ಮೊಳೆಯಿಸಿ ತೋರಿಸಿದರು. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಕುಡಿಯ ಅಂಗಾಂಶದಿಂದ ಗಿಡ ಮಾಡುವ ದಾರಿ ತೋರಿಸಿದರು. ಇವತ್ತು ನಮ್ಮ ಕೈಗೆಟಕುವ ಬೆಲೆಗೆ ಆರ್ಕಿಡ್ ಸಿಗುತ್ತಿರುವುದು ಇಂಥ ಪ್ರಯೋಗಾಲಯದ ಕೆಲಸದಿಂದ. ಕುಂಡದ ಮಣ್ಣಿಗೆ ಬೀಜ ಚೆಲ್ಲಿದರೆ ಏನೂ ಹುಟ್ಟುವುದಿಲ್ಲ.

ಅಚ್ಚ ನೀಲಿ ಫೆಲನಾಪ್ಸಿಸ್ ಕಂಡರೂ ಅಷ್ಟೇ. ಬಿಳಿ ಹೂವಿಗೆ ಬಣ್ಣ ಏರಿಸಿರುತ್ತಾರೆ. ಮುಂದಿನ ಹೂ ಬಿಳಿಯಾಗೇ ಬರುತ್ತದೆ.

ಕಾಡಿನಿಂದ ಕಿತ್ತು ತಂದು ಮಾರುವ ಸೀತಾಳೆ ದಂಡೆಯನ್ನು ಕೊಳ್ಳಬೇಡಿ. ಮೀಸಲು ಅರಣ್ಯದಿಂದ ಗಿಡ ಕಿತ್ತು ತರುವುದು ಅಪರಾಧ. ಆರ್ಕಿಡ್ ಕುಟುಂಬ ಪೂರ್ತಿ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಅಡಿ ಬರುತ್ತದೆ. ಇದು ಕಾನೂನಿನ ಮಾತಾಯಿತು. ಇನ್ನು ರೊಕ್ಕದ ಮಾತು: ಮರದಿಂದ ಕಿತ್ತಾಗ ಬೇರು ಹರಿದಿರುತ್ತದೆ, ಅಂಥ ಗಿಡ ನಮ್ಮ ಬೇಸಿಗೆ ದಾಟುವುದು ಕಷ್ಟ. ನರ್ಸರಿಯಲ್ಲಿ ಬೆಳೆದದ್ದನ್ನೇ ಕೇಳಿ ತನ್ನಿ.

ಕೊಳ್ಳುವ ಮೊದಲು ಮಾರುವವರಿಂದ ಬೇರಿನ ಫೋಟೊ ತರಿಸಿಕೊಳ್ಳಿ, ಹೂವಿನದಲ್ಲ. ಡೆಂಡ್ರೋಬಿಯಂನಲ್ಲಿ ಕನಿಷ್ಠ ಮೂರು ಕಾಂಡ ಇರಲಿ. ತಳಿಯ ಹೆಸರಿನ ಚೀಟಿ ಇರಲಿ.

ಸಾಲ ಮಾಡುವ ಮೊದಲು ನಾಲ್ಕು ಕುಂಡ

ಇದನ್ನೆಲ್ಲ ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಹೋದ ವರ್ಷ ನಮ್ಮ ಕಡೆಯ ಒಬ್ಬ ಹುಡುಗ ನೆರಳುಪರದೆ ಮನೆಯ ಅಂದಾಜುಪಟ್ಟಿ ಹಿಡಿದು ಬಂದಿದ್ದ. ಗಿಡವನ್ನೂ ಅವರೇ ಕೊಡುತ್ತಾರೆ, ಹೂವನ್ನೂ ಅವರೇ ಕೊಳ್ಳುತ್ತಾರೆ ಅಂತ ವಿಡಿಯೊ ನೋಡಿ, ಹೊಲದ ಮೇಲೆ ಸಾಲ ತೆಗೆಯುವ ವಿಚಾರ.

"ಅಕ್ಕಾರ, ಸಹಿ ಮಾಡಲ್ಯಾ?"

"ನೀ ಒಂದಾರ ಆರ್ಕಿಡ್ ಬೆಳಸೀ ಏನಪಾ?"

"ಇಲ್ರಿ."

"ಹಂಗಾದ್ರ ನಾಲ್ಕು ಕುಂಡ ತಗೊಂಡು ಒಂದು ಬ್ಯಾಸಗಿ ದಾಟಿಸು. ಆಮ್ಯಾಲ ಮಾತಾಡೂಣು."

ಅವನು ಮೂರು ಡೆಂಡ್ರೋಬಿಯಂ, ಒಂದು ಫೆಲನಾಪ್ಸಿಸ್ ತಂದ. ಜೂನ್ ಹೊತ್ತಿಗೆ ಎರಡು ಡೆಂಡ್ರೋಬಿಯಂ ಉಳಿದಿದ್ದವು. ಸತ್ತ ಎರಡು ಗಿಡದ ಬೇರು ಬಿಡಿಸಿ ನೋಡಿದೆವು. ಒಂದರಲ್ಲಿ ಕೊಳೆ, ಇನ್ನೊಂದರಲ್ಲಿ ಬಿಳಿ ಉಪ್ಪಿನ ಪೊರೆ. ಅವನ ಬೋರ್ ನೀರಿನ ಟಿಡಿಎಸ್ ಅಳೆದದ್ದೇ ಆವಾಗ. ಆ ನೀರಲ್ಲಿ ಸಾವಿರಾರು ಗಿಡ ಹಾಕಿದ್ದರೆ ಏನಾಗುತ್ತಿತ್ತು ಅಂತ ಅವನಿಗೆ ನಾನು ಹೇಳಬೇಕಾಗಲಿಲ್ಲ. ಅಂದಾಜುಪಟ್ಟಿ ಇನ್ನೂ ಅವನ ಮನೆಯಲ್ಲಿದೆ, ಸಹಿ ಆಗಿಲ್ಲ. ಈಗ ಮೊದಲು ಮಳೆನೀರಿನ ತೊಟ್ಟಿಯ ಲೆಕ್ಕ ಹಾಕುತ್ತಿದ್ದಾನೆ.

ಆರ್ಕಿಡ್ ಕುಟುಂಬದ ಇನ್ನೊಂದು ಬೆಳೆ ನಮ್ಮ ರಾಜ್ಯದ ರೈತರಿಗೆ ಪಾಠ ಕಲಿಸಿದೆ. ವೆನಿಲ್ಲಾ ಕೂಡ ಆರ್ಕಿಡ್ಡೇ. 2003ರ ಸುಮಾರಿಗೆ ಅದರ ಬೆಲೆ ಆಕಾಶಕ್ಕೇರಿದಾಗ ಮಲೆನಾಡು, ಕರಾವಳಿಯಲ್ಲಿ ಎಷ್ಟೋ ಜನ ಬಳ್ಳಿ ಹಾಕಿದರು, ಒಂದೊಂದು ಹೂವಿಗೂ ಕೈಯಿಂದ ಪರಾಗ ಮುಟ್ಟಿಸಿದರು. ಒಂದೆರಡು ವರ್ಷದಲ್ಲಿ ಬೆಲೆ ನೆಲಕಚ್ಚಿತು. ಬೆಳೆಯಲು ಬಂದರೆ ಸಾಲದು, ಕೊಳ್ಳುವವರು ನಾಳೆಯೂ ಇರಬೇಕು.

ಹಾಗಂತ ಆರ್ಕಿಡ್ ವ್ಯಾಪಾರ ಬೇಡ ಅನ್ನುತ್ತಿಲ್ಲ. ಸಬ್ಸಿಡಿ, ಯೋಜನೆಯ ಮಾತು ಬಂದಾಗ ಏಜೆಂಟರನ್ನಲ್ಲ, ತಾಲ್ಲೂಕು ತೋಟಗಾರಿಕೆ ಇಲಾಖೆಯನ್ನು ಕೇಳಿ. ಬೆಳೆಯ ಮಾತಿಗೆ 2008ರಲ್ಲಿ ಶುರುವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬಾಗಲಕೋಟೆಯಲ್ಲೇ ಇದೆ. ಅಲ್ಲಿಗೆ ಹೋಗುವಾಗ ನಿಮ್ಮ ನೀರಿನ ಟಿಡಿಎಸ್ ಅಂಕಿ ಮತ್ತು ನೀವೇ ಬೇಸಿಗೆ ದಾಟಿಸಿದ ಗಿಡದ ಫೋಟೊ ಫೋನಿನಲ್ಲಿ ಇರಲಿ.

ಈ ವಾರ ಗಿಡ ತರಬೇಡಿ. ಎರಡು ಕೆಲಸ ಮಾಡಿ: ಮನೆಯ ಸುತ್ತ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಲ್ಲಿ ಸೋಸಿದ ಬೆಳಕು ಬೀಳುತ್ತದೆ ಅಂತ ಮೂರು ಫೋಟೊ ತೆಗೆಯಿರಿ, ಮತ್ತು ನಿಮ್ಮ ನೀರು ಅಳೆಯಿರಿ. ಜಾಗ ಮತ್ತು ನೀರು ಗೊತ್ತಾದ ಮೇಲೆ ಮಳೆಗಾಲ ಶುರುವಾದಾಗ ಒಂದು ಡೆಂಡ್ರೋಬಿಯಂ ತನ್ನಿ.